ಮೂಗಿನ ಮೇಲಿನ ಮುಖ

ಅನಾರ್‌ಕಾನ್ ಒಂದು ಮೊಣಕಾಲನ್ನು ನೆಲಕ್ಕೂರಿ, ಇನ್ನೊಂದರ ಮೇಲೆ ಬಕೆಟ್ಟಿಟ್ಟುಕೊಂಡು, ಕುದುರೆಯ ಹಿಂಗಾಲನ್ನು ಒಂದು ಕೈಯಲ್ಲಿ ತಬ್ಬಿಕೊಂಡು ಕೂತಿದ್ದಳು. ಕೆಚ್ಚಲು ತುಂಬಿ ಬಿಗಿದಿತ್ತು. ಹಿಂಡಿದರೆ ಒಂದು ಹನಿಯೂ ಇಳಿಯಲಿಲ್ಲ.

"ಬಿಡ್ತಾ ಇಲ್ಲ," ಅಂದಳು.

ಗಂಡ ಸಗಿನಾಲಿ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಬಾಗಿಲಲ್ಲಿ ನಿಂತಿದ್ದ. ಕುದುರೆ ಅವನನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಮರಿ ಕಟ್ಟುತ್ತಿದ್ದ ಗೂಟವನ್ನೇ ನೋಡುತ್ತಿತ್ತು. ಮರಿ ಬಂದು ಮೊದಲು ಬಾಯಿ ಹಾಕಬೇಕು, ಆಮೇಲೆ ಪಕ್ಕದಲ್ಲಿ ನಿಲ್ಲಬೇಕು. ಆಗಲೇ ಹಾಲು ಇಳಿಯುವುದು. ಇದು ಆ ಬೆಟ್ಟದ ಸೀಮೆಯಲ್ಲಿ ಹಾಲು ಹಲ್ಲಿನ ಮಕ್ಕಳಿಗೂ ಗೊತ್ತು.

"ಆ ತುರ್ದುಬಾಯಿ ಹಟ್ಟೀಲಿ ಇರೋ ಮರಿ ಇಲ್ಲಿಗೆ ಬಂದು ಬಾಯಿ ಹಾಕುತ್ತಾ?" ಅಂದಳು ಅನಾರ್‌ಕಾನ್. "ಹಾಲು ಹುಳಿಸೋ ಕಿಮಿಜ್ ಚೀಲ ಒಣಗಿ ಬಿರುಕು ಬಿಡ್ತಾ ಇದೆ. ರಸ್ತೆ ಪಕ್ಕ ಕೂತು ನಾನೇನು ಮಾರಲಿ? ನಿನ್ನ ಮೀಸೇನಾ?"

ಸಗಿನಾಲಿ ಕೀಲಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಅವನಿಗೆ ಮಾತು ಕಡಿಮೆ. ಕಡಿಮೆ ಮಾತಿನವರ ಮನೆಯಲ್ಲಿ ಹೆಂಡತಿಯ ಮಾತು ಗೋಡೆಗೆ ಬಡಿದು ಅವಳಿಗೇ ವಾಪಸ್ಸು ಬರುತ್ತದೆ. ಅವಳು ಖಾಲಿ ಬಕೆಟ್ಟನ್ನು ಬೋರಲು ಹಾಕಿ ಒಳಗೆ ಹೋದಳು.

ಮರಿ ಹೋಗಿದ್ದು ತುರ್ದುಬಾಯಿಯ ಹಟ್ಟಿಗೆ. ಅದು ಯಾರನ್ನೂ ಒದ್ದಿರಲಿಲ್ಲ, ಯಾರ ಹೊಲವನ್ನೂ ಮೇಯ್ದಿರಲಿಲ್ಲ. ಒಂದು ಕಾರು ಕುದ್ದಿತ್ತು, ಅಷ್ಟೇ.

*

ತೋ-ಅಶೂ ಬೆಟ್ಟದ ಕಣಿವೆದಾರಿ ಹತ್ತಿ ಇಳಿಯುವ ಬಾಡಿಗೆ ಕಾರುಗಳಲ್ಲಿ ಆರು ತುರ್ದುಬಾಯಿಯವು. ಕಾರು ಅವನದು, ಸವೆತದ ಖರ್ಚು ಡ್ರೈವರುಗಳದು. ರಿಪೇರಿ ಮಾಡುವ ಇಶೇನನ ಶೆಡ್ಡು ನಿಂತಿದ್ದೂ ಅವನ ಜಾಗದಲ್ಲೇ. ಇಷ್ಟೆಲ್ಲ ಇದ್ದೂ ಅವನಿಗೊಂದು ಕೊರತೆ ಕಾಡುತ್ತಿತ್ತು. ಜನ ಅವನಿಗೆ ಹೆದರುತ್ತಿದ್ದರು, ಆದರೆ ಅದಕ್ಕೊಂದು ಪದವಿ ಇರಲಿಲ್ಲ. ಆದ್ದರಿಂದ ಆ ವರ್ಷ ಗ್ರಾಮಸಭೆಯ ಚುನಾವಣೆಗೆ ನಿಂತ.

ನಿಂತವನು ಮೊದಲು ಮಾಡಿದ ಕೆಲಸ, ತನ್ನ ಮುಖವನ್ನು ತಗಡಿನ ಮೇಲೆ ಬರೆಸಿದ್ದು. ಎತ್ತರದ ಬಿಳಿ ಕಲ್ಪಕ್ ಟೋಪಿ, ಸೇಬಿನಂಥ ಕೆನ್ನೆ, ಅವನಿಗೆ ಎಂದೂ ಇಲ್ಲದ ಕತ್ತು. ಕೆಳಗೆ ದೊಡ್ಡ ಅಕ್ಷರ: 'ಸದಾ ನಿಮ್ಮ ಮುಂದೆ'.

ಡ್ರೈವರುಗಳನ್ನು ಕರೆದು ಹೇಳಿದ, "ಹೇಗೂ ಚಳಿ ಶುರುವಾಗ್ತಾ ಇದ್ದ ಹಾಗೆ ಕಾರಿನ ಮೂಗಿಗೆ ಕಂಬಳಿ ಕಟ್ತೀರಲ್ಲ. ಯಾಕೆ ಆ ಹಳೇ ಕಂಬಳಿ? ಈ ಸಲ ನನ್ನನ್ನ ಕಟ್ಟಿ. ಎಂಜಿನ್ನೂ ಬೆಚ್ಚಗಿರುತ್ತೆ, ಜನಕ್ಕೂ ನಾನು ಕಾಣ್ತೀನಿ."

ಇದರಲ್ಲಿ ತಪ್ಪೇನೂ ಯಾರಿಗೂ ಕಾಣಲಿಲ್ಲ. ಕಣಿವೆಯ ಚಳಿಗಾಳಿ ರೇಡಿಯೇಟರಿಗೆ ನೇರ ಹೊಡೆದರೆ ಎಂಜಿನ್ ಕಾಯುವುದೇ ಇಲ್ಲ. ಅಪ್ಪಂದಿರ ಕಾಲದಿಂದಲೂ ಅಲ್ಲಿ ಎಲೆ ಉದುರುವ ಹೊತ್ತಿಗೆ ಕಾರಿನ ಮೂಗು ಮುಚ್ಚುತ್ತಾರೆ. ಕೆಲವರು ಕಂಬಳಿ, ಕೆಲವರು ರಟ್ಟು. ಈ ವರ್ಷ ತುರ್ದುಬಾಯಿ. ಆರು ಕಾರುಗಳೂ ಅವನ ಮುಖ ಹೊತ್ತು ಹೊರಟವು.

ಸಗಿನಾಲಿ ಓಡಿಸುತ್ತಿದ್ದ ಕಾರು ಎಲ್ಲಕ್ಕಿಂತ ಹಳೆಯದು. ಜರ್ಮನಿಯಲ್ಲಿ ಯಾರೋ ತಾತ ಓಡಿಸಿ, ಅವನ ಮೊಮ್ಮಗ ಬೇಸತ್ತು ಮಾರಿ, ಮೂರು ದೇಶ ದಾಟಿ ಬಂದದ್ದು. ಗೇರ್‌ಬಾಕ್ಸಿನ ಹಲ್ಲುಗಳು ಉದುರಿದ್ದವು. ತುರ್ದುಬಾಯಿಯ ಭಾವಮೈದ ಹಳ್ಳಕ್ಕೆ ಬೀಳಿಸಿಕೊಂಡಿದ್ದ ಕಾರಿನಲ್ಲಿ ಒಂದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಉಳಿದಿತ್ತು.

"ಅದನ್ನೇ ಇದಕ್ಕೆ ಕೂರಿಸು," ಅಂದ ತುರ್ದುಬಾಯಿ ಇಶೇನನಿಗೆ.

"ಯಜಮಾನ್ರೆ, ಈ ಕಾರು ಕೈಗೇರಿಂದು. ಬೆಟ್ಟ ಹತ್ತೋಕೆ ಕೈಗೇರೇ..."

"ಕೈಗೇರಾದ್ರೆ ಇವನ ಬಲಗೈ ಪೂರಾ ಗೇರಿಗೇ ಹೋಗುತ್ತೆ. ಆಟೋಮ್ಯಾಟಿಕ್ ಆದ್ರೆ ಕೈ ಖಾಲಿ. ಖಾಲಿ ಕೈಲಿ ನನ್ನ ಚೀಟಿ ಹಂಚ್ಲಿ. ಎದುರು ಬರೋರಿಗೆ ಕೈ ಬೀಸ್ಲಿ. ತಲೆ ಉಪಯೋಗಿಸ್ಬೇಕಯ್ಯ."

ಹೀಗೆ ಒಂದು ಕೈಯನ್ನು ಖಾಲಿ ಮಾಡುವುದಕ್ಕಾಗಿ ಆ ಕಾರಿನ ಹೊಟ್ಟೆ ಬಗೆದರು. ಹೊಸ ಗೇರ್‌ಬಾಕ್ಸಿನ ಎಣ್ಣೆ ತಣಿಸಲು ಅಂಗೈಯಗಲದ ಒಂದು ಜಾಲರಿಯನ್ನು ರೇಡಿಯೇಟರಿನ ಮುಂದೆ ಕೂರಿಸಿದರು. ಅದರ ಮುಂದೆ, ನಾಲ್ಕು ನಟ್ಟು ಬಿಗಿದು, ತುರ್ದುಬಾಯಿಯನ್ನು.

*

ಸಪಾಟು ರಸ್ತೆಯಲ್ಲಿ ಕಾರು ಬೆಣ್ಣೆಯಂತೆ ಓಡಿತು. ಏರು ಸಿಕ್ಕಿದ್ದೇ ಶಾಖದ ಮುಳ್ಳು ಮೇಲೇಳತೊಡಗಿತು. ಮೊದಲ ತಿರುವಿನಲ್ಲಿ ನಡು ದಾಟಿತು. ನೆತ್ತಿಯ ಸುರಂಗಕ್ಕೆ ಇನ್ನೂ ದೂರವಿರುವಾಗಲೇ ಕೆಂಪು ಮುಟ್ಟಿತು. ಬಾನೆಟ್ಟಿನ ಸಂದಿಗಳಿಂದ ಆವಿ ಎದ್ದು ಗಾಜನ್ನೆಲ್ಲ ಮುಚ್ಚಿತು. ಹಿಂದೆ ಕೂತಿದ್ದ ಮುದುಕನೊಬ್ಬ, "ಟೀ ರೆಡಿ ಆಯ್ತು, ಜೊತೆಗೆ ಕರಿದ ಬೋರ್ಸೋಕ್ ಎಲ್ಲಪ್ಪಾ?" ಅಂದ. ಉಳಿದವರು ನಕ್ಕರು. ಆಮೇಲೆ ಇಳಿದು ಚಳಿಯಲ್ಲಿ ನಿಂತು ಬೈದರು.

ತುರ್ದುಬಾಯಿಯ ತೀರ್ಪು ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಆರು ಕಾರು ಒಂದೇ ರಸ್ತೆ ಹತ್ತುತ್ವೆ. ಐದು ಸುಮ್ಮನಿರ್ತವೆ. ನಿಂದು ಮಾತ್ರ ಕುದಿಯುತ್ತೆ. ಅಂದ್ರೆ ಕಾಯಿಲೆ ಕಾರಿಗಲ್ಲ, ನಿನ್ನ ಕಾಲಿಗೆ. ಮೆಲ್ಲಗೆ ಒತ್ತೋಕೆ ಏನು ರೋಗ?"

"ಗೇರ್‌ಬಾಕ್ಸ್ ಬದಲಾದ ಮೇಲೇ ಶುರುವಾಗಿದ್ದು, ಯಜಮಾನ್ರೆ."

"ನನ್ನ ಭಾವಮೈದ ಅದನ್ನ ಎರಡು ವರ್ಷ ಓಡಿಸಿದಾನೆ. ಒಂದು ದಿನ ಕುದೀಲಿಲ್ಲ."

"ಹಳ್ಳಕ್ಕೆ ಬಿತ್ತಲ್ಲ."

"ಬಿತ್ತು. ಕುದೀಲಿಲ್ಲ."

ಕಾರು ಇಶೇನನ ಶೆಡ್ಡಿಗೆ ಹೋಯಿತು. ಇಶೇನ್ ನೀರು ಕಾದಾಗ ದಾರಿ ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಬಿಸಿನೀರಿನ ಪಾತ್ರೆಗೆ ಹಾಕಿದ. ಅದು ಸರಿಯಾಗೇ ಬಾಯಿ ತೆರೆಯಿತು. ಆದರೂ ಬದಲಾಯಿಸಿದ. ಕಾರನ್ನು ಏರಿನಲ್ಲಿ ಮೂಗು ಮೇಲಾಗಿ ನಿಲ್ಲಿಸಿ, ಮುಚ್ಚಳ ತೆಗೆದು, ಪೈಪು ಹಿಸುಕಿ ಹಿಸುಕಿ ಒಳಗಿನ ಗಾಳಿ ಹೊರಡಿಸಿದ. ಒಂದೆರಡು ಗುಳ್ಳೆ ಬಂದವು, ನಿಂತವು. ನೀರಿನ ಪಂಪು ಬಿಚ್ಚಿದ, ಚೆನ್ನಾಗಿತ್ತು. ರೇಡಿಯೇಟರನ್ನು ಒಳಗಿಂದ ತೊಳೆದ. ನೀರಿನಲ್ಲಿ ಹೊಗೆಯ ವಾಸನೆ ಇದೆಯೇ ಎಂದು ಮೂಗಿಟ್ಟು ನೋಡಿದ, ಇರಲಿಲ್ಲ. ಕೊನೆಗೆ ಗೇರ್‌ಬಾಕ್ಸಿನ ಎಣ್ಣೆಕಡ್ಡಿ ಎಳೆದು ಮೂಸಿದ. ಎಣ್ಣೆ ಕಂದಾಗಿತ್ತು. ಬೋರ್ಸೋಕ್ ಕರಿದು ಕರಿದು ಸೀದ ಬಾಣಲೆಯ ವಾಸನೆ.

ಇಶೇನ್ ಕಡ್ಡಿ ಹಿಡಿದುಕೊಂಡು ಕಾರಿನ ಮುಂದಕ್ಕೆ ಬಂದ. ತುರ್ದುಬಾಯಿಯ ತಗಡಿನ ಮುಖದ ಎದುರು ನಿಂತ. ತುಂಬ ಹೊತ್ತು ನಿಂತ.

"ಏನು?" ಅಂದ ಸಗಿನಾಲಿ.

"ಏನಿಲ್ಲ," ಅಂದ ಇಶೇನ್. ಮತ್ತೆ ಕಾರಿನ ಕೆಳಗೆ ತೂರಿಕೊಂಡ.

ಅಂದು ಸಗಿನಾಲಿಗೆ ಆ ನಿಲ್ಲುವಿಕೆಯ ಅರ್ಥ ಆಗಲಿಲ್ಲ. ಥರ್ಮೋಸ್ಟಾಟು, ಎಣ್ಣೆ, ಕೂಲಿ, ನಿಂತುಹೋದ ಬಾಡಿಗೆ ಎಲ್ಲದಕ್ಕೂ ಸೇರಿಸಿ ತುರ್ದುಬಾಯಿ ಮರಿಯನ್ನು ಹೊಡೆದುಕೊಂಡು ಹೋದ. "ಬಿಡಿಸ್ಕೋಬೇಕಂದ್ರೆ ಕಾರು ಕುದೀದ ಹಾಗೆ ಓಡಿಸು," ಅಂದ. ಮರಿ ಹೋಗುವಾಗ ಒಂದೇ ಸಲ ಕೂಗಿತು. ತಾಯಿ ಮಾತ್ರ ಸಂಜೆಯವರೆಗೂ ಕೂಗಿತು.

*

ಮತ್ತೆ ಕುದಿಯಿತು. ಮತ್ತೆ ಮತ್ತೆ ಕುದಿಯಿತು.

ಸಗಿನಾಲಿ ಒಂದು ಉಪಾಯ ಕಂಡುಕೊಂಡಿದ್ದ. ಏರು ಶುರುವಾದ ಕೂಡಲೇ ಕಾರಿನ ಒಳಗಿನ ಹೀಟರನ್ನು ಪೂರ್ತಿ ತಿರುಗಿಸುವುದು. ಎಂಜಿನ್ನಿನ ಬಿಸಿಯೊಂದಿಷ್ಟು ಜನರ ಮೇಲೆ ಹೋಗುತ್ತಿತ್ತು. ಕುರಿತುಪ್ಪಳದ ಕೋಟು ತೊಟ್ಟು ಹತ್ತಿದವರು ಬನಿಯನ್ನಿನಲ್ಲಿ ಇಳಿಯುತ್ತಿದ್ದರು. ಬೆವರಿದ ಜನ ತುರ್ದುಬಾಯಿಯ ಚೀಟಿಗಳಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಆ ಚೀಟಿಗಳಿಂದ ಊರಿಗೆ ಆದ ಉಪಕಾರ ಅದೊಂದೇ.

ಹೀಗಿರುವಾಗ ತಗಡಿನ ಮುಖಕ್ಕೆ ಬೊಬ್ಬೆ ಎದ್ದಿತು. ಒಳಗಿನ ಕಾವಿಗೆ ಬಲಗೆನ್ನೆಯ ಬಣ್ಣ ಉಬ್ಬಿ, ಒಂದು ಕಣ್ಣು ಕೆಳಗೆ ಜಾರಿತು. ನೋಡಿದವರು ನಕ್ಕರು. ತುರ್ದುಬಾಯಿ ನಗಲಿಲ್ಲ.

"ಬೇಕಂತ ಮಾಡಿದೀಯ! ಬಿಚ್ಚು. ಹೊಸ ಬಣ್ಣ ಹೊಡೆಸ್ತೀನಿ."

ಬಣ್ಣ ಒಣಗುವ ತನಕ ಕಾರು ಬರೀ ಮೂಗಿನಲ್ಲಿ ಬಾಡಿಗೆಗೆ ಹೋಯಿತು. ಕಣಿವೆ ಹತ್ತಿತು. ಸಗಿನಾಲಿ ಅಭ್ಯಾಸಬಲದಿಂದ ಹೀಟರಿಗೆ ಕೈ ಹಾಕಿದವನು ಮುಳ್ಳು ನೋಡಿ ಕೈ ಹಿಂತೆಗೆದ. ಮುಳ್ಳು ನಡುವಿನಲ್ಲೇ ನಿಂತಿತ್ತು. ಕೊನೆಯ ತಿರುವಿನಲ್ಲೂ ಅಲ್ಲೇ. ಸುರಂಗದ ಬಾಯಲ್ಲೂ ಅಲ್ಲೇ. ಅವನು ಸುಮ್ಮನೆ ಕಾರು ನಿಲ್ಲಿಸಿ ಇಳಿದು, ಮುಂದೆ ಹೋಗಿ ನಿಂತ. ಇಶೇನ್ ನಿಂತಿದ್ದ ಹಾಗೆಯೇ. ಜಾಲರಿಯೊಳಗೆ ಗಾಳಿ ಶಿಳ್ಳೆ ಹೊಡೆಯುತ್ತಿತ್ತು.

ಇಳಿದು ಬಂದವನೇ ಶೆಡ್ಡಿಗೆ ಹೋದ.

"ನಿನಗೆ ಗೊತ್ತಿತ್ತು," ಅಂದ.

ಇಶೇನ್ ಪಾನಾ ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

"ಉಳಿದ ಐದಕ್ಕೂ ಅದೇ ತಗಡಿದೆ," ಅಂದ ಸಗಿನಾಲಿ. "ಅವು ಕೈಗೇರಿನವು, ತಡ್ಕೋತವೆ. ನಂದು ಎರಡು ಒಲೆಯ ಮನೆ. ಎಂಜಿನ್ನೊಂದು, ಈ ಗೇರ್‌ಬಾಕ್ಸೊಂದು. ಎರಡರ ಹೊಗೆಗಂಡೀನೂ ಮುಚ್ಚಿ ಕೂತಿದೆ ಆ ಮುಖ. ಗೊತ್ತಿತ್ತು ತಾನೆ? ಗೊತ್ತಿದ್ದೂ ಪಂಪು ಬಿಚ್ಚಿದೆ."

"ಈ ಶೆಡ್ಡು ಯಾರ ಜಾಗದಲ್ಲಿದೆ?" ಅಂದ ಇಶೇನ್.

"ನನ್ನ ಮರಿ ಯಾರ ಹಟ್ಟೀಲಿದೆ?"

ಎರಡು ಪ್ರಶ್ನೆಗೂ ಉತ್ತರ ಒಂದೇ ಆಗಿತ್ತು. ಅದು ಹೊರಗೆ ಬಿಸಿಲಿಗೆ ಒಣಗುತ್ತ, ಹೊಸ ಕೆನ್ನೆಯಿಂದ ಹೊಳೆಯುತ್ತ ಗೋಡೆಗೆ ಒರಗಿ ನಿಂತಿತ್ತು.

ಸಗಿನಾಲಿ ತುರ್ದುಬಾಯಿಯ ಬಳಿಗೂ ಹೋದ. ದಾರಿಯುದ್ದಕ್ಕೂ ವಾಕ್ಯವನ್ನು ಕೂಡಿಸಿಕೊಂಡಿದ್ದ. ಎದುರು ನಿಂತಾಗ ಅರ್ಧ ಉಳಿಯಿತು.

"ಯಜಮಾನ್ರೆ, ಕಾರಿಗೆ ಗಾಳಿ ಬೇಕು."

"ಗಾಳಿ ತಾನೆ? ಗೆದ್ದ ಮೇಲೆ ಕೊಡ್ತೀನಿ," ಅಂದ ತುರ್ದುಬಾಯಿ. ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ನಗು ನಿಲ್ಲಿಸಿ ಕಣ್ಣು ಸಣ್ಣ ಮಾಡಿದ. "ಏನು, ನನ್ನ ಮುಖದಿಂದ ಎಂಜಿನ್ ಕುದಿಯುತ್ತೆ ಅಂತೀಯಾ? ಹೇಳು, ಬಾಯಿಬಿಟ್ಟು ಹೇಳು."

ಸಗಿನಾಲಿ ಹೇಳಲಿಲ್ಲ. ಆ ಮೌನ ಆಮೇಲೆ ಅವನನ್ನು ಬಹಳ ಸುಟ್ಟಿತು. ತಗಡು ಮತ್ತೆ ಮೂಗಿನ ಮೇಲೆ ಕೂತಿತು.

*

ಚುನಾವಣೆ ಹತ್ತಿರ ಬಂತು. ಕಣಿವೆಯ ಆಚೆ ಸುಸಾಮಿರಿನಲ್ಲಿ ದೊಡ್ಡ ಸಭೆ ಇಟ್ಟ ತುರ್ದುಬಾಯಿ. ಆರು ಕಾರಿನ ತುಂಬ ಜನ, ಆರು ಮೂಗಿನ ಮೇಲೆ ಆರು ಮುಖ. ಮೆರವಣಿಗೆಯ ಮುಂದೆ ಸಗಿನಾಲಿಯ ಕಾರು, ಅವನ ಕೈ ಖಾಲಿಯಲ್ಲವೇ. ಪಕ್ಕದಲ್ಲಿ ತುರ್ದುಬಾಯಿ, ನರಿಯ ತುಪ್ಪಳದ ಕೋಟಿನಲ್ಲಿ. ಹಿಂದೆ ಇಶೇನ್, ಎಂಜಿನ್ನಿನ ಸದ್ದು ಕೇಳಿಸಿಕೊಳ್ಳಲು. ಅವನ ಪಕ್ಕ ಬುರುಲ್ಚಾ ಎಂಬ ಮುದುಕಿ, ಸಭೆಯಲ್ಲಿ ಹರಸಲು. ಬಾಡೂಟ ಉಂಟೆಂದು ಹೇಳಿ ಕರೆತಂದಿದ್ದರು.

"ಇವತ್ತೂ ಕಾರು ಕುದ್ರೆ," ಅಂದ ತುರ್ದುಬಾಯಿ ಬಾಗಿಲು ಎಳೆದುಕೊಳ್ಳುತ್ತ, "ಮರಿಯ ಹಿಂದೆ ತಾಯಿನೂ ಬರುತ್ತೆ ನನ್ನ ಹಟ್ಟಿಗೆ. ಮರಿಗೂ ಹಾಲು ಬೇಕಲ್ಲ, ಪಾಪ."

ಏರು ಶುರುವಾಯಿತು. ಸಗಿನಾಲಿ ಹೀಟರನ್ನು ಪೂರ್ತಿ ತಿರುಗಿಸಿದ. ಬಿಸಿಗಾಳಿ ನುಗ್ಗಿತು. ತುರ್ದುಬಾಯಿಯ ಹಣೆಯ ಮೇಲೆ ಹನಿಗಳು ಮೂಡಿದವು.

"ಆರಿಸೋ ಅದನ್ನ!"

"ಆರಿಸಿದ್ರೆ ಕುದಿಯುತ್ತೆ, ಯಜಮಾನ್ರೆ."

"ಕಿಟಕಿ ಇಳಿಸು!"

"ಇಳಿಯಲ್ಲ ಅದು. ರಿಪೇರಿ ಮಾಡಿಸಿ ಅಂತ ವಸಂತದಲ್ಲೇ ಹೇಳಿದ್ದೆ."

ತುರ್ದುಬಾಯಿಯ ಕೆನ್ನೆ ಹೊರಗಿನ ತಗಡಿನಂತೆ ಕೆಂಪಗಾಯಿತು. ಹಿಂದಿನಿಂದ ಬುರುಲ್ಚಾ, "ಬಾಡೂಟ ಅಂದ್ರಲ್ಲಪ್ಪ, ನನ್ನನ್ನೇ ಬೇಯಿಸ್ತೀರಿ ಅಂತ ಹೇಳ್ಲಿಲ್ಲ," ಅಂದಳು. ಇಶೇನ್ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನ ಭುಜ ಕುಲುಕುತ್ತಿತ್ತು.

ಸುರಂಗದ ಕೆಳಗಿನ ಬಯಲಿನಲ್ಲಿ ಮುಳ್ಳು ಕೆಂಪು ಮುಟ್ಟಿತು. ಆವಿ ಎದ್ದಿತು. ಸಗಿನಾಲಿ ಪಕ್ಕಕ್ಕೆ ನಿಲ್ಲಿಸಿದ. ಹಿಂದಿನ ಐದೂ ನಿಂತವು. ಡ್ರೈವರುಗಳು ಇಳಿದು ಸುತ್ತ ಸೇರಿದರು. ಅಲ್ಲಿ ಆಗಲೇ ಹಿಮ ಬಿದ್ದಿತ್ತು. ಗಾಳಿ ಕಿವಿ ಕೊಯ್ಯುವಂತಿತ್ತು.

"ನೋಡಿದ್ರಾ?" ಅಂದ ತುರ್ದುಬಾಯಿ, ಬೆವರಿನ ಮೇಲೆ ಚಳಿ ಬಿದ್ದು ನಡುಗುತ್ತ. "ನಾನು ಪಕ್ಕದಲ್ಲೇ ಕೂತಿದ್ರೂ ಕುದಿಸಿದ. ಇಶೇನ್, ಏನಾಗಿದೆ ಹೇಳು ಎಲ್ಲರ ಮುಂದೆ."

ಇಶೇನ್ ನೆಲ ನೋಡಿದ. ಎಲ್ಲರ ಕಣ್ಣೂ ಕಾರಿನ ಮೂಗಿನ ಕಡೆಗೆ ಹೋಗಿ, ಹೆದರಿ, ವಾಪಸ್ಸು ಬರುತ್ತಿದ್ದವು. ಎಲ್ಲರಿಗೂ ಗೊತ್ತಿದೆ ಎಂಬುದು ಸಗಿನಾಲಿಗೆ ಆಗ ಗೊತ್ತಾಯಿತು. ತಾನೊಬ್ಬನೇ ನುಂಗಿಕೊಂಡಿದ್ದೇನೆ ಅಂದುಕೊಂಡಿದ್ದ ಮಾತನ್ನು ಎಲ್ಲರೂ ನುಂಗಿಕೊಂಡಿದ್ದರು.

ಬುರುಲ್ಚಾ ಕಾರಿನಿಂದ ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡಳು.

"ಯಾವ ಕುದುರೆ ಕಣ್ರೋ ಮೂಗಿಗೆ ತಗಡು ಕಟ್ಟಿಸ್ಕೊಂಡು ಬೆಟ್ಟ ಹತ್ತುತ್ತೆ?" ಅಂದಳು.

ಸಗಿನಾಲಿ ಡಿಕ್ಕಿಯಿಂದ ಪಾನಾ ತೆಗೆದ. ಮುಂದೆ ಬಂದು ಮಂಡಿಯೂರಿದ. ಒಂದು ನಟ್ಟು ಬಿಚ್ಚಿದ. ಎರಡನೆಯದು. "ಏಯ್!" ಅಂದ ತುರ್ದುಬಾಯಿ. ಮೂರನೆಯದು. ನಾಲ್ಕನೆಯದು ಬಿಚ್ಚಿದಾಗ ತಗಡು ತಾನಾಗಿಯೇ ಕಳಚಿ ಹಿಮದ ಮೇಲೆ ಬೋರಲು ಬಿತ್ತು. ಸುಯ್ಯೆಂದು ಸದ್ದಾಯಿತು. ಮುಖದ ಸುತ್ತ ಹಿಮ ಕರಗಿತು.

"ಎಂಜಿನ್ ಆರಿಸ್ಬೇಡ," ಅಂದ ಇಶೇನ್, ಮೊದಲ ಸಲ ಜೋರಾಗಿ. ಒಳಗೆ ಬಗ್ಗಿ ಮುಳ್ಳು ನೋಡುತ್ತ ನಿಂತ. ಕಣಿವೆಯ ಗಾಳಿ ಜಾಲರಿಯೊಳಕ್ಕೆ ನುಗ್ಗಿತು. ಎಲ್ಲರೂ ಇಶೇನನ ಬೆನ್ನನ್ನೇ ನೋಡುತ್ತಿದ್ದರು.

"ಇಳೀತಾ ಇದೆ," ಅಂದ ಅವನು. ಸ್ವಲ್ಪ ಹೊತ್ತಿನ ಮೇಲೆ, "ನಡುವಿಗೆ ಬಂತು. ನಿಂತ್ಕೊಂಡ್ತು."

ಈಗ ತುರ್ದುಬಾಯಿ ನಾಚಬೇಕಿತ್ತು. ಅಂಥವರಿಗೆ ನಾಚಿಕೆ ಬರುವ ಜಾಗದಲ್ಲಿ ಉಪಾಯ ಬರುತ್ತದೆ.

"ಹಾಗಾದ್ರೆ ನಟ್ಟು ಬಿಗಿದಿದ್ದು ಯಾರು?" ಅಂದ. "ನಾನಾ? ಈ ಸಗಿನಾಲಿ. ಗಾಳಿ ಹೋಗೋಕೆ ಸಂದಿ ಬಿಡ್ದೆ ಬಿಗಿದ. ತಪ್ಪು ಸಿಕ್ತಲ್ಲ, ಸಂತೋಷ. ಮುಖ ಎತ್ತಿ ಒರೆಸಿ ಡಿಕ್ಕೀಲಿ ಇಡು. ನಾಳೆ ಬೆಳಿಗ್ಗೆ ಕುದುರೆ ನನ್ನ ಹಟ್ಟೀಲಿರ್ಬೇಕು."

ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಸಗಿನಾಲಿ ತಗಡನ್ನು ಎತ್ತಲಿಲ್ಲ. ಎಂಜಿನ್ ಆರಿಸಿ, ಬಾನೆಟ್ಟಿನ ಮೇಲೆ ಕೂತ.

"ಸರಿ, ಬಿದ್ದಿರು ಇಲ್ಲೇ," ಅಂದು ತುರ್ದುಬಾಯಿ ಎರಡನೇ ಕಾರಿನ ಬಾಗಿಲಿಗೆ ಕೈ ಹಾಕಿದ. ಅದು ಎಸೆನ್‌ನದು. ಎಸೆನ್ ಯಾವಾಗಲೂ ತಮಾಷೆಯವನು, ಯಜಮಾನನ ಎದುರು ಮಾತ್ರ ಮೂಗ. ಅವನು ಯಜಮಾನನನ್ನು ದಾಟಿ ಮುಂದೆ ಬಂದು, ತನ್ನ ಕಾರಿನ ಬಾನೆಟ್ಟು ಎತ್ತಿ, ಒಳಗೆ ಇಣುಕಿ, ತಲೆಯಾಡಿಸಿದ.

"ಅಯ್ಯೋ, ಯಜಮಾನ್ರೆ. ನಮ್ಮದೂ ಕುದ್ದುಬಿಡ್ತು."

"ಏನು?"

"ಕುದ್ದುಬಿಡ್ತು. ಮುಟ್ಟೋ ಹಾಗಿಲ್ಲ."

ಮೂರನೆಯ ಕಾರಿನ ಬಾನೆಟ್ಟು ಎದ್ದಿತು. ನಾಲ್ಕನೆಯದು. "ನಂದೂ." "ನಂದಂತೂ ಕೇಳಲೇಬೇಡಿ." ಒಂದರಿಂದಲೂ ಎಳೆಯಷ್ಟು ಆವಿ ಬರುತ್ತಿರಲಿಲ್ಲ. ಡ್ರೈವರುಗಳು ಪಾನಾ ಹಿಡಿದು ಕೂತು ನಟ್ಟು ಬಿಚ್ಚತೊಡಗಿದರು. ಒಂದೊಂದಾಗಿ ಮುಖಗಳು ಹಿಮಕ್ಕೆ ಬಿದ್ದವು. ಜನ ಕಾರುಗಳಿಂದ ಇಳಿದು ನೋಡಿದರು. ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ತಡೆಯಲಾಗಲಿಲ್ಲ.

"ಕಳ್ಳರು! ಸುಳ್ಳರು!" ತುರ್ದುಬಾಯಿಯ ದನಿ ಸೀಳಿತು. "ಇಶೇನ್! ಹೋಗಿ ಮುಟ್ಟಿ ನೋಡು. ನಿನ್ನ ಶೆಡ್ಡು ಎಲ್ಲಿದೆ ಅನ್ನೋದು ನೆನಪಿಟ್ಕೊಂಡು ಮುಟ್ಟು."

ಇಶೇನ್ ಎಸೆನ್‌ನ ಕಾರಿನ ಬಳಿ ಹೋದ. ರೇಡಿಯೇಟರಿನ ಮೇಲೆ ಅಂಗೈ ಊರಿದ. ಊರಿದ ಕೈ ತೆಗೆಯಲಿಲ್ಲ. ಚಳಿಗಾಳಿಗೆ ಆರಿದ ಕಬ್ಬಿಣದ ಮೇಲೆ ಕೈಯಿಟ್ಟು, ಆ ಸೀಮೆಯಲ್ಲಿ ತಾನು ಇಷ್ಟು ವರ್ಷ ಹೇಳದೆ ಬಿಟ್ಟದ್ದನ್ನೆಲ್ಲ ಎಣಿಸುತ್ತಿರುವವನಂತೆ ನಿಂತ.

"ಕುದೀತಾ ಇದೆ," ಅಂದ.

ಮುಂದಿನ ಕಾರಿಗೆ ಹೋದ. ಮುಟ್ಟಿದ. "ಇದೂ."

ಬುರುಲ್ಚಾ ಜೇಬಿನಿಂದ ಕುರುತ್ ಎಂಬ ಒಣಮೊಸರಿನ ಉಂಡೆ ತೆಗೆದು ಬಾಯಿಗೆ ಹಾಕಿಕೊಂಡು, ರಸ್ತೆಬದಿಯ ಬಂಡೆಯ ಮೇಲೆ ನಾಟಕಕ್ಕೆ ಬಂದವಳಂತೆ ಕೂತಳು. ಆಚೆ ಸುಸಾಮಿರಿನಲ್ಲಿ ಸಭೆ ಕಾಯುತ್ತಿತ್ತು. ಬಾಡು ಬೇಯುತ್ತಿತ್ತು. ಅಂಥ ನರಿತುಪ್ಪಳದ ಕೋಟು ತೊಟ್ಟವರು ಯಾರೂ ಕಾಲ್ನಡಿಗೆಯಲ್ಲಿ ಸುರಂಗ ದಾಟಿದ್ದಿಲ್ಲ.

ತುರ್ದುಬಾಯಿ ಸಗಿನಾಲಿಯ ಮುಂದೆ ಬಂದು ನಿಂತ. ಬೆವರು ಕೊರಳಪಟ್ಟಿಯಲ್ಲಿ ಹೆಪ್ಪುಗಟ್ಟಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು.

"ಎಷ್ಟು ಹೊತ್ತು ಬೇಕು ಇವು ತಣ್ಣಗಾಗೋಕೆ?"

ಸಗಿನಾಲಿ ಬಾನೆಟ್ಟಿನಿಂದ ಇಳಿದ. ಎಸೆನ್‌ನ ಕಾರಿನ ಬಳಿ ನಡೆದು, ಅದರ ಎತ್ತಿದ ಬಾನೆಟ್ಟನ್ನು ಬೆರಳಿಂದ ಮುಟ್ಟಿದ. ಹಿಮದ ಹಾಗಿತ್ತು. ಸುಟ್ಟವನಂತೆ ಕೈ ಹಿಂದಕ್ಕೆಳೆದು, ಬೆರಳಿಗೆ ಉಫ್ ಉಫ್ ಎಂದು ಊದಿಕೊಂಡ.

"ನನ್ನ ಮರಿ ಮನೆಗೆ ಬಂದು ತಾಯಿ ಮೊಲೆಗೆ ಬಾಯಿ ಹಾಕೋ ತನಕ," ಅಂದ.